ನರಸೀಪುರದ ‘ಅಲ್ಲಿನ ಡಾಕ್ಟ್ರು’

ಆಗ ನಾನು ನಂಜನಗೂಡಿನ ನೂಲಿನ ಮಿಲ್ಲೊಂದರಲ್ಲಿ ಹೊಸಬ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇಡೀ ಪಾಳಿ ಮೆಷಿನ್ ಮುಂದೆ ನಿಂತೇ ಇರಬೇಕು. ಅಂಥದ್ದರಲ್ಲಿ ಸೈಕಲ್ಲಿನಿಂದ ಬಿದ್ದು ಮಂಡಿ ತಿರುಚಿಕೊಂಡೆ.

ಎಲ್ಲರ ನಡಿಗೆಯನ್ನೂ ನಡೆದು ತೋರಿಸಿ ನಗಿಸುವುದು ನನ್ನ ಚಾಳಿ. ಕುಂಟುತ್ತ ಒಳಗೆ ಬಂದವನನ್ನು ನೋಡಿ ಮೇಸ್ತ್ರಿ, “ಇವತ್ತು ಯಾರ್ದ್ಲಾ ಇದು?” ಎಂದರು.

“ನಂದೇ ಸಾ.”

ಯಾರೂ ನಂಬಲಿಲ್ಲ. ಅಷ್ಟು ಚೆನ್ನಾಗಿ ಕುಂಟುತ್ತಿದ್ದೆ.

ನನ್ನ ಹತ್ತಿರ ಸರ್ಕಾರಿ ವಿಮೆಯ ಕಾರ್ಡಿತ್ತು. ಅದನ್ನು ಒಪ್ಪುವ ಮೂಳೆ ಡಾಕ್ಟರಿಗಾಗಿ ಮೈಸೂರಿಗೆ ಹೋದರೆ ದಿನಗಟ್ಟಲೆ ಕಾಯಬೇಕು. ಅಷ್ಟು ರಜೆ ಹಾಕಿದರೆ ನನ್ನ ಜಾಗದಲ್ಲಿ ಇನ್ನೊಬ್ಬ ನಿಂತಿರುತ್ತಾನೆ. ಟೀ ಅಂಗಡಿಯಲ್ಲಿ ಕೆನ್ನೆಗೆ ಕೈಯೂರಿ ಕೂತಿದ್ದಾಗ ಬೇರೆ ಪಾಳಿಯ ಮೂಗೂರಿನ ಗೆಳೆಯ ಬಂದ. ನಾನು ಬಿದ್ದದ್ದು ಅವನಿಗೆ ಗೊತ್ತಿರಲಿಲ್ಲ.

“ನೋವು ತಡೆಯಕ್ಕಾಯ್ತಿಲ್ಲ ಕಣೋ. ಕಾರ್ಡ್ ತಗೊಳ್ಳೋ ಡಾಕ್ಟ್ರು ಹತ್ರದಲ್ಲಿ ಯಾರಾದ್ರೂ ಅವ್ರಾ?”

“ನರಸೀಪುರಕ್ಕೋಗ್ಲಾ. ಅಲ್ಲಿನ್ ಡಾಕ್ಟ್ರು ಬಸ್ ಸ್ಟ್ಯಾಂಡ್ ಎದುರ್ಗೇ ಅವ್ರೆ, ಕಾರ್ಡ್ ತಗೋತಾರೆ. ನಮ್ಮವ್ವುನ್ಗೂ ಅವ್ರೇ ನೋಡುದ್ದು.”

ಬಸ್ಸು ಹಿಡಿದು ಹೋದೆ. ಅಲ್ಲಿ ಡಾಕ್ಟರು ಕಾರ್ಡು ನೋಡಿದರು, ಕುರ್ಚಿಗೆ ಒರಗಿಸಿದರು, “ಬಾಯಿ ತೆಗಿ” ಎಂದರು. ದೊಡ್ಡ ಡಾಕ್ಟರು ಮೊದಲು ನಾಲಗೆ ನೋಡುತ್ತಾರೇನೋ ಎಂದುಕೊಂಡು ತೆಗೆದೆ.

“ಎಲ್ಲಿ ನೋವು?”

ಬಾಯಿ ತೆರೆದುಕೊಂಡೇ ಮಂಡಿ ತೋರಿಸಿದೆ.

ಮೂಗೂರಿನವನ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಕೆನ್ನೆಗೆ ಕೈಯೂರಿದ್ದವನನ್ನು ನೋಡಿ ಅವನು ಹೇಳಿದ್ದು ಹಲ್ಲಿನ ಡಾಕ್ಟರು, ನಾನು ಕೇಳಿಸಿಕೊಂಡದ್ದು ನರಸೀಪುರದಲ್ಲಿರುವ, ಅಲ್ಲಿನ ಡಾಕ್ಟರು. ದಿನಾ ಅವನ ಮಾತನ್ನು ಅವನೆದುರೇ ಆಡಿ ತೋರಿಸುತ್ತಿದ್ದ ಜಾಣ ನಾನು!

ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, “ನಿಮ್ಮ ನಂಜನಗೂಡಿಗೇ ಗುರುವಾರ ಗುರುವಾರ ಮೂಳೆ ಸರ್ಜನ್ ಬರ್ತಾರಲ್ಲಯ್ಯಾ! ರೈಲ್ವೆ ಸ್ಟೇಷನ್ ರಸ್ತೇಲಿ, ಔಷಧಿ ಅಂಗಡಿ ಹಿಂದೆ. ಈ ಕಾರ್ಡನ್ನೂ ತಗೋತಾರೆ” ಎಂದರು. ನಾನು ದಿನಾ ಸೈಕಲ್ ತುಳಿಯುತ್ತಿದ್ದ ರಸ್ತೆ ಅದು.

ಗುರುವಾರ ಸರ್ಜನ್ ಮಂಡಿಯನ್ನು ಒತ್ತಿದರು, ಮಡಿಸಿದರು. “ಮೂಳೆ ಮುರಿದಿಲ್ಲ. ಕಟ್ಟು ಹಾಕ್ತೀನಿ. ಸ್ವಲ್ಪ ದಿನ ನಿಲ್ಲಬೇಡ.”

“ನಿಲ್ದೇ ಇದ್ರೆ ಕೆಲ್ಸ ಹೋಯ್ತದೆ ಸಾ.”

ಅವರು ನನ್ನ ಮುಖ ನೋಡಿ, ಕೂತು ಮಾಡುವ ಕೆಲಸ ಕೊಡಿ ಎಂದು ಚೀಟಿ ಬರೆದರು.

ಮೇಸ್ತ್ರಿ ಅದನ್ನು ಓದಿ, ಕಟ್ಟು ಹಾಕಿದ ಕಾಲನ್ನು ಒಮ್ಮೆ ಮುಟ್ಟಿ ನೋಡಿದರು. “ನಿಜ್ವಾಗ್ಲೂ ಬಿದ್ದಿದ್ಯೇನ್ಲಾ! ಹೋಗು, ನೂಲು ಸುತ್ತೋ ಖಾಲಿ ಕೊಳವೆ ಆರಿಸ್ಕೊಂಡು ಕೂತ್ಕೊ. ನಿನ್ ಮೆಷಿನ್ ಯಾರ್ಗೂ ಕೊಡಕ್ಕಿಲ್ಲ.”

ಕಾಲು ನೀಡಿಕೊಂಡು ಕೂತೆ.