ರೈಟ್ ಔಟ್ ಉಮರಬ್ಬ

ಸಾವಿರದ ಒಂಬೈನೂರ ಐವತ್ತೊಂಬತ್ತರ ಮಳೆಗಾಲದಲ್ಲಿ ಬಂದರು ಫ್ರೆಂಡ್ಸ್ ಫುಟ್ಬಾಲ್ ತಂಡ ಲೀಗ್ ಶುರುವಾಗುವ ಮೊದಲೇ ಐದು ಪ್ರಾಕ್ಟೀಸ್ ಮ್ಯಾಚ್ ಆಡಿ ಐದನ್ನೂ ಸೋತಿತು. ಐದನೆಯದನ್ನು ಸೋತದ್ದು ಮೀಸೆ ಸರಿಯಾಗಿ ಮೂಡದ ಕಾಲೇಜು ಹುಡುಗರ ಎದುರು, ನಾಲ್ಕು ಗೋಲುಗಳಿಂದ. ಆಟ ಮುಗಿದ ಮೇಲೆ ಉಮರಬ್ಬ ಮೈದಾನದ ಅಂಚಿನಲ್ಲಿ ಕೂತು ಬರಿಗಾಲಿನ ಕೆಸರನ್ನು ಹುಲ್ಲಿಗೆ ಉಜ್ಜುತ್ತಿದ್ದ. ಕ್ಲಬ್ಬಿನ ಸೆಕ್ರೆಟರಿ ತಾರಾನಾಥ ಶೆಟ್ಟರು ಪಂಚೆ ಎತ್ತಿ ಹಿಡಿದುಕೊಂಡು ಹತ್ತಿರ ಬಂದರು.

"ಎಂತ ಮಾರಾಯ್ರೆ, ಮುಖ ಇಷ್ಟು ಸಣ್ಣ ಮಾಡಿದ್ದೀರಿ? ಪ್ರಾಕ್ಟೀಸ್ ಮ್ಯಾಚ್ ಯಾರಿಗೆ ನೆನಪಿರ್ತದೆ? ಲೀಗ್ ಬರಲಿ. ನಮಗೆ ಬೇಕಾದ್ದು ಒಂದು ಜನ, ಅಷ್ಟೆ. ನಿಮ್ಮ ಚೆಂಡು ತೆಗೆದುಕೊಳ್ಳುವ ಒಂದು ಜನ."

ಶೆಟ್ಟರು ಬಲ್ಮಠದ ಒಂದು ಆಫೀಸಿನಲ್ಲಿ ಹೆಡ್ ಕ್ಲರ್ಕ್. ಜೀವನದಲ್ಲಿ ಒಮ್ಮೆಯೂ ಚೆಂಡು ಒದ್ದವರಲ್ಲ, ಆದರೆ ತಂಡ ಸೋತ ದಿನ ಮನೆಯಲ್ಲಿ ಊಟ ಬಿಡುವಷ್ಟು ಪ್ರೀತಿ. ಅವರ ಮಾತಿಗೆ ಉಮರಬ್ಬ ತಲೆಯಾಡಿಸಿದ.

ಉಮರಬ್ಬನಿಗೆ ಆಗ ಮೂವತ್ತಾರು. ಹಂಪನಕಟ್ಟೆಯಲ್ಲಿ ಒಂದು ಜವಳಿ ಅಂಗಡಿಯ ಜಗಲಿಯ ಮೇಲೆ ಕೂತು ಕೊಡೆ ರಿಪೇರಿ ಮಾಡುವುದು ಅವನ ಕಸುಬು. ಅಪ್ಪನೂ ಅದನ್ನೇ ಮಾಡಿದ್ದ. ಆದರೆ ಊರಿನವರಿಗೆ ಅವನು ಕೊಡೆಯ ಉಮರಬ್ಬ ಅಲ್ಲ, ರೈಟ್ ಔಟ್ ಉಮರಬ್ಬ. ಬಲಗಡೆಯ ಗೆರೆ ಹಿಡಿದು ಓಡಿ, ಮೂಲೆ ಹತ್ತಿರವಾದಾಗ ಅವನು ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹಾಕುತ್ತಿದ್ದ. ಅಲ್ಲಿ ಹಾಶಿಂ ಇರುತ್ತಿದ್ದ. ಹತ್ತು ವರ್ಷ ಅವನು ಹಾಕಿದ್ದು, ಹಾಶಿಂ ತಲೆ ಕೊಟ್ಟದ್ದು. ಇಬ್ಬರೂ ಒಂದೇ ಓಣಿಯವರು. ಆಟದುದ್ದಕ್ಕೂ ಹಾಶಿಂನ ಗಂಟಲಿಗೆ ಬಿಡುವಿರುತ್ತಿರಲಿಲ್ಲ. "ಉಮರಬ್ಬಾ, ಇಲ್ಲಿ! ಹಿಂದೆ! ಈಗ!" ಎಂದು ಕೂಗುತ್ತಲೇ ಇರುತ್ತಿದ್ದ. ನೋಡುವವರು ನಗುತ್ತಿದ್ದರು.

ಆ ವರ್ಷ ಮಳೆ ಹಿಡಿಯುವ ಮೊದಲು ಹಾಶಿಂ ಬೊಂಬಾಯಿಯ ಹಡಗು ಹತ್ತಿ ಹೋದ. ಅಲ್ಲಿನ ಹಡಗುಕಟ್ಟೆಯಲ್ಲಿ ಅವನ ಮಾವ ಕೆಲಸ ಹಿಡಿಸಿಕೊಟ್ಟಿದ್ದ. ಅಂದಿನಿಂದ ತಂಡದಲ್ಲಿ ಒಂದೇ ಮಾತು: ಉಮರಬ್ಬನ ಚೆಂಡು ತೆಗೆದುಕೊಳ್ಳುವವನು ಯಾರು?

ಮೊದಲು ಸಿಕ್ಕವನು ಅಯ್ಯೂಬ್, ಹಂಚಿನ ಕಾರ್ಖಾನೆಯ ಕೆಲಸಗಾರ, ಇಪ್ಪತ್ತೆರಡರ ಗಂಡು. ಓಟ ಚೆನ್ನಾಗಿತ್ತು, ನೆಗೆತವೂ ಇತ್ತು. ಮಾತು ಮಾತ್ರ ಕಡಿಮೆ. ಐದು ಮ್ಯಾಚಿನಲ್ಲಿ ಉಮರಬ್ಬ ಎತ್ತಿ ಹಾಕಿದ ಚೆಂಡು ಅವನಿಗೆ ಒಂದು ಸಲವೂ ಸಿಗಲಿಲ್ಲ. ಅವನು ಮುಂದೆ ಓಡಿದರೆ ಚೆಂಡು ಹಿಂದೆ ಬೀಳುತ್ತಿತ್ತು, ನಿಂತರೆ ತಲೆಯ ಮೇಲಿಂದ ಹಾರಿ ಹೋಗುತ್ತಿತ್ತು. ಕಾಲೇಜು ಹುಡುಗರ ಎದುರು ಹಾಗೆ ಹಿಂದಕ್ಕೆ ತಿರುಗಲು ಹೋಗಿ ಜಾರಿ ಬಿದ್ದು ಮೊಣಕೈ ಒಡೆದುಕೊಂಡ. ಸುತ್ತ ನಿಂತವರು, "ಹಾಶಿಂ ಎಲ್ಲಿ, ಇವ ಎಲ್ಲಿ" ಎಂದರು. ಚೆಂಡು ಹೇಗೆ ಬರುತ್ತಿದೆ ಎಂದು ಒಬ್ಬರೂ ಕೇಳಲಿಲ್ಲ. ಹತ್ತು ವರ್ಷದ ಹೆಸರು ಉಮರಬ್ಬನ ಮುಂದೆ ಅಡ್ಡ ನಿಂತಿತ್ತು.

ಅವನಿಗೆ ಮಾತ್ರ ಗೊತ್ತಿತ್ತು.

ಎದುರಿಗಿದ್ದದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಸೂಜಿಯ ಕಣ್ಣಿಗೆ ದಾರವನ್ನು ಈಗಲೂ ಒಂದೇ ಸಲಕ್ಕೆ ಪೋಣಿಸುತ್ತಿದ್ದ. ಆದರೆ ಮಗ್ಗುಲಿನ ಲೋಕ ಇರುತ್ತಿರಲಿಲ್ಲ. ಕೈಯ ಪಕ್ಕದಲ್ಲೇ ಇಟ್ಟ ಕತ್ತರಿಗೆ ತಡಕಾಡಬೇಕಾಗಿತ್ತು. ರಸ್ತೆ ದಾಟುವಾಗ ಸೈಕಲ್ಲುಗಳು ಎಲ್ಲಿಂದಲೋ ಉದುರಿದಂತೆ ಮೈಮೇಲೆ ಬರುತ್ತಿದ್ದವು. ಮೈದಾನದಲ್ಲಿ ಕಾಲ ಬಳಿಯ ಚೆಂಡನ್ನು ನೋಡಿದರೆ ಗೋಲಿನ ಮುಂದಿನ ಜನ ಮಾಯ, ಜನರನ್ನು ನೋಡಿದರೆ ಚೆಂಡು ಮಾಯ. ಅವನು ಅಂದಾಜಿನ ಮೇಲೆ ಒದೆಯುತ್ತಿದ್ದ. ಹಾಶಿಂ ಎಲ್ಲಿ ಇರುತ್ತಿದ್ದನೋ ಅಲ್ಲಿಗೆ.

ಎರಡು ದಿನ ಬಿಟ್ಟು ಅಯ್ಯೂಬ್ ಜಗಲಿಗೆ ಬಂದ. ಮೊಣಕೈಗೆ ಬಟ್ಟೆ ಸುತ್ತಿತ್ತು. ಮುರಿದ ಕೊಡೆಯನ್ನು ರಿಪೇರಿಗೆ ತಂದವನಂತೆ ಕೂತು ಕೇಳಿದ.

"ಉಮರಾಕ, ನಾನು ಎಲ್ಲಿ ನಿಲ್ಬೇಕು ಅಂತ ನೀವೇ ಹೇಳಿ. ನನಗೆ ಗೊತ್ತಾಗ್ತಾ ಇಲ್ಲ. ಎಂತ ತಪ್ಪು ಮಾಡ್ತಿದ್ದೇನೆ?"

ಆ ಕ್ಷಣ ಉಮರಬ್ಬನ ಬಾಯಿಗೆ ನಿಜ ಬಂದಿತ್ತು. ನೀನು ಕೂಗು, ಎಲ್ಲಿದ್ದೀ ಅಂತ ಕೂಗು, ನನಗೆ ಕಾಣುವುದಿಲ್ಲ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಹಾಗೆಂದ ಮೇಲೆ ತಾನು ಮೈದಾನದಲ್ಲಿ ಏಕಿರಬೇಕು? ಕಾಣದವನನ್ನು ಯಾವ ಕ್ಲಬ್ ಆಡಿಸುತ್ತದೆ? ಅವನು ಕೊಡೆಯ ಕಡ್ಡಿಯನ್ನು ಬಗ್ಗಿಸುತ್ತ ಹೇಳಿದ:

"ನೀನು ಚೆಂಡನ್ನು ಓದಬೇಕು ಅಯ್ಯೂಬ್. ಹಾಶಿಂ ಓದುತ್ತಿದ್ದ. ಅದು ಕಲಿಸಿ ಬರುವುದಲ್ಲ."

ಅಯ್ಯೂಬ್ ತಲೆ ತಗ್ಗಿಸಿ, "ಆಯ್ತು" ಎಂದು ಎದ್ದು ಹೋದ. ಕೊಡೆಯನ್ನು ಅಲ್ಲೇ ಮರೆತಿದ್ದ.

ಆ ಮಧ್ಯಾಹ್ನ ಊಟಕ್ಕೆ ಹೋದಾಗ ಉಮರಬ್ಬ ಹೊಸ್ತಿಲ ಪಕ್ಕದ ನೀರಿನ ಕೊಡಪಾನವನ್ನು ಎಡವಿ ಉರುಳಿಸಿದ. ಹೆಂಡತಿ ಖತೀಜಮ್ಮ ಬೈಯಲಿಲ್ಲ. ನೀರು ಒರೆಸಿ, ಬಟ್ಟಲಿಗೆ ಗಂಜಿ ಬಡಿಸಿ ಎದುರಿಗೆ ಕೂತಳು.

"ಎಷ್ಟು ದಿನ ಹೀಗೆ? ಕಣ್ಣು ತೋರಿಸುವ."

"ಕಣ್ಣಿಗೆ ಎಂತ ಆಗಿದೆ?"

"ಹಾಶಿಂ ಹೋಗುವ ದಿನ ಬಂದಿದ್ದ. ನೀವು ಇರಲಿಲ್ಲ. ಎರಡು ವರ್ಷದಿಂದ ಅವನಿಗೆ ಗೊತ್ತುಂಟಂತೆ. ಅದಕ್ಕೇ ಅಷ್ಟು ಕೂಗುತ್ತಿದ್ದೆ ಅಂದ. ಎಷ್ಟೋ ಸಲ ನಿಮ್ಮ ಚೆಂಡು ಬೇರೆ ಕಡೆ ಬೀಳ್ತಿತ್ತಂತೆ, ಇವನೇ ಓಡಿ ಸರಿ ಮಾಡ್ತಿದ್ದನಂತೆ. 'ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ, ನೀವು ಹೇಳಿ' ಅಂದ. ನನ್ನಿಂದಲೂ ಆಗಲಿಲ್ಲ."

ಉಮರಬ್ಬ ಗಂಜಿಯ ಬಟ್ಟಲನ್ನು ಸರಿಸಿದ. ಕಣ್ಣು ಹೋಗುತ್ತಿದೆ ಎಂಬುದಕ್ಕಿಂತ ಈ ಮಾತು ಹೆಚ್ಚು ನಾಟಿತು. ಕಳೆದೆರಡು ವರ್ಷ ಜನ ಚಪ್ಪಾಳೆ ತಟ್ಟಿದ್ದು, ಹೆಗಲ ಮೇಲೆ ಎತ್ತಿಕೊಂಡದ್ದು ಯಾವುದೂ ತನ್ನದಲ್ಲವೆಂದಾಯಿತು.

ಮರುದಿನ ಖತೀಜಮ್ಮನೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣಿನ ಒಳಗೆ ಒತ್ತಡ ಏರಿದೆ, ಅದರಿಂದ ನರ ಒಣಗುತ್ತಿದೆ ಎಂದರು. ತೊಟ್ಟು ಬಿಡಲು ಔಷಧಿ ಬರೆದುಕೊಟ್ಟರು. "ಇದ್ದದ್ದನ್ನು ಉಳಿಸಲು ನೋಡುವ. ಹೋದದ್ದು ಹೋಯಿತು, ಅದು ಹಿಂದೆ ಬರುವುದಿಲ್ಲ. ಓಡುವುದು, ಆಡುವುದು ಎಲ್ಲ ಬಿಡಬೇಕು." ಡಾಕ್ಟರ ಮುಖ ಒಂದು ಕೊಳವೆಯ ಆಚೆ ತುದಿಯಲ್ಲಿದ್ದಂತೆ ಅವನಿಗೆ ಕಂಡಿತು.

ಲೀಗಿನ ಮೊದಲ ಮ್ಯಾಚಿನ ಬೆಳಿಗ್ಗೆ ಅವನು ಗಟ್ಟಿ ಮನಸ್ಸು ಮಾಡಿ ಶೆಟ್ಟರನ್ನು ಕಾಣಲು ಹೋದ. ಅವರು ಆಫೀಸಿಗೆ ಹೊರಟು ಮೆಟ್ಟಿಲಲ್ಲಿದ್ದರು. ಇವನು ಬಾಯಿ ತೆರೆಯುವ ಮೊದಲೇ ಅವರು ಕೈ ಹಿಡಿದುಕೊಂಡರು.

"ಸರಿಯಾದ ಹೊತ್ತಿಗೆ ಬಂದಿರಿ. ಅಯ್ಯೂಬನನ್ನು ತೆಗೆದುಬಿಟ್ಟೆ. ನಿನ್ನೆ ಎಲ್ಲರೂ ಹೇಳಿದ್ರು, ಅವನಿಂದಾಗಿಯೇ ಐದೂ ಹೋಯ್ತು ಅಂತ. ಸಲಾಂ ಇದ್ದಾನಲ್ಲ, ಬ್ಯಾಕ್ ಆಡುವವ, ಎತ್ತರ ಉಂಟು, ಅವನೇ ಇವತ್ತು ಸೆಂಟರ್ ಫಾರ್ವರ್ಡ್. ಅಯ್ಯೂಬ್ ಪಾಪ, ಜರ್ಸಿ ಮಡಚಿ ಕೊಟ್ಟು ಹೋದ."

"ಶೆಟ್ರೆ, ನಾನು ಒಂದು ಮಾತು..."

"ಸಂಜೆ ಹೇಳಿ. ನಿಮ್ಮ ಚೆಂಡು ಉಂಟಲ್ಲ, ನನಗೆ ಅದೊಂದೇ ಧೈರ್ಯ."

ಸಂಜೆ ಹೇಳಲಿಲ್ಲ. ಸಂಜೆ ಅವನು ಜರ್ಸಿ ತೊಟ್ಟ.

ಮಳೆ ಸುರಿಯುತ್ತಿತ್ತು. ಮೈದಾನದ ಸುತ್ತ ಕೊಡೆಗಳು ಒತ್ತಾಗಿ ನಿಂತಿದ್ದವು. ಮೂರು ಸಲ ಅವನು ಗೆರೆ ಹಿಡಿದು ಓಡಿದ, ಮೂರು ಸಲವೂ ಚೆಂಡು ಸಲಾಂ ಇಲ್ಲದ ಕಡೆಗೆ ಹೋಯಿತು. ನಾಲ್ಕನೆಯ ಸಲ ಪಕ್ಕದಿಂದ ಬಂದ ಎದುರು ತಂಡದವನು ಅವನಿಗೆ ಕಾಣಲೇ ಇಲ್ಲ. ಡಿಕ್ಕಿಯಾಗಿ ಬಿದ್ದ. ಎದ್ದು ನಿಂತಾಗ ತನ್ನ ಗೋಲು ಯಾವ ಕಡೆ, ಅವರದು ಯಾವ ಕಡೆ ಎಂದು ತಿಳಿಯದೆ ಸುತ್ತಲೂ ತಿರುಗಿದ. ಮೊದಲು ಜನ ನಕ್ಕರು. ಆಮೇಲೆ ನಗು ನಿಂತಿತು. ಶೆಟ್ಟರು ಕೊಡೆ ಬಿಸುಟು ಓಡಿ ಬಂದು ಅವನ ಮುಖ ನೋಡಿದರು, ತೋಳು ಹಿಡಿದು ಹೊರಗೆ ಕರೆತಂದರು. ತಂಡ ಮೂರು ಗೋಲಿನಿಂದ ಸೋತಿತು. ಆ ವರ್ಷ ಒಂದು ಮ್ಯಾಚನ್ನೂ ಗೆಲ್ಲಲಿಲ್ಲ.

ಮುಂದಿನ ವಾರ ಉಮರಬ್ಬ ಅಯ್ಯೂಬನನ್ನು ಹುಡುಕಿಕೊಂಡು ಹಂಚಿನ ಕಾರ್ಖಾನೆಗೆ ಹೋದ. ಊಟದ ಬಿಡುವಿನಲ್ಲಿ ಅಯ್ಯೂಬ್ ಹೊರಗೆ ಬಂದ. ಮೊಣಕೈವರೆಗೆ ಕೆಂಪು ಮಣ್ಣು ಮೆತ್ತಿತ್ತು. ಉಮರಬ್ಬ ಎಲ್ಲವನ್ನೂ ಹೇಳಿದ. ಕಣ್ಣಿನ ವಿಷಯ, ಹಾಶಿಂ ಕೂಗುತ್ತಿದ್ದ ವಿಷಯ, ಜಗಲಿಯ ಮೇಲೆ ತಾನು ಹೇಳಿದ ಸುಳ್ಳು.

"ತಪ್ಪು ನಿನ್ನದಲ್ಲ. ಶೆಟ್ರಿಗೂ ಹೇಳಿದ್ದೇನೆ. ಮುಂದಿನ ವರ್ಷ ನೀನೇ ಆಡಬೇಕು ಅಂತ ಹೇಳಿದ್ದೇನೆ."

ಅಯ್ಯೂಬ್ ಕೈಯ ಮಣ್ಣನ್ನು ಉದುರಿಸಿದ.

"ನಾನಿನ್ನು ಆಡುವುದಿಲ್ಲ ಉಮರಾಕ. ಸಿಟ್ಟಿನಿಂದ ಹೇಳುವುದಲ್ಲ. ಐದು ಮ್ಯಾಚ್ ನಾನು ನನ್ನ ಕಾಲನ್ನೇ ಬೈದುಕೊಂಡೆ. ಇಲ್ಲಿಯೂ ಎಲ್ಲರೂ ನಗಾಡಿದ್ರು. ಈಗ ಚೆಂಡು ಕಂಡರೆ ನನಗೆ ಹೆದರಿಕೆ ಆಗ್ತದೆ." ಕಾರ್ಖಾನೆಯ ಬಾಗಿಲ ಕಡೆ ನೋಡಿ ಹೇಳಿದ: "ಅವತ್ತು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆ."

ಗಂಟೆ ಹೊಡೆಯಿತು. ಅಯ್ಯೂಬ್ ಒಳಗೆ ಹೋದ.

ಶೆಟ್ಟರು ಒಮ್ಮೆ ಜಗಲಿಗೆ ಬಂದು, ಆದದ್ದಾಯಿತು, ಪ್ರಾಕ್ಟೀಸಿಗೆ ಬಂದು ಕೂತಿರಿ, ಹೊಸಬರಿಗೆ ಹೇಳಿಕೊಡಿ ಎಂದರು. ಉಮರಬ್ಬ ಬರುವುದಿಲ್ಲ ಎಂದ. ಆ ಐದು ಮ್ಯಾಚುಗಳನ್ನು ಊರಿನಲ್ಲಿ ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಶೆಟ್ಟರು ಹೇಳಿದ್ದು ನಿಜವೇ ಆಗಿತ್ತು. ಅವನಿಗೆ ಮಾತ್ರ ಒಂದೊಂದು ಚೆಂಡೂ ನೆನಪಿತ್ತು.

ಮುಂದಿನ ಮಳೆಗಾಲಕ್ಕೆ ಅವನು ಹಂಪನಕಟ್ಟೆಯ ಜಗಲಿಯನ್ನು ಬಿಟ್ಟು ಊರ ಹೊರಗಿನ ಕೊಟ್ಟಾರದಲ್ಲಿ ಕೂತ. ಅಲ್ಲಿ ಆಗ ಮನೆಗಳು ಕಡಿಮೆ, ಕೊಡೆ ತರುವವರೂ ಕಡಿಮೆ. ಅಷ್ಟು ದೂರ ಯಾಕೆ ಎಂದು ಜನ ಕೇಳುತ್ತಿದ್ದರು. ಹಳೆಯ ಜಗಲಿಗೆ ಕೇಳುತ್ತಿದ್ದ ಮೈದಾನದ ಕೂಗು ಅಲ್ಲಿಯವರೆಗೆ ಬರುವುದಿಲ್ಲ ಎಂಬುದು ಖತೀಜಮ್ಮನಿಗೆ ಗೊತ್ತಿತ್ತು. ಬೆಳಿಗ್ಗೆ ಅವಳೇ ಅವನನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬರುತ್ತಿದ್ದಳು.