ಹಳ್ಳದ ಹೆಣ್ಣು ಬೆತ್ತ

ಮೊನ್ನೆ ಸಂಜೆ ಕಾಫಿ ಲೋಟ ಹಿಡಿದು ಜಗಲಿಯಲ್ಲಿ ಕೂತಿದ್ದೆ. ಮೊಬೈಲು ಕುಂಯ್ ಎಂದಿತು. ನಮ್ಮ ಮೂಡಿಗೆರೆ ಕಡೆಯವರಿಗೆ ಈ ಸದ್ದು ಕೇಳಿದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆನೆ ಬಂದಾಗ ಒಬ್ಬರಿಗೊಬ್ಬರು ತಿಳಿಸಲು ಮಾಡಿಕೊಂಡ ಗ್ರೂಪು ಅದು. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ದನಿ, ಏದುಸಿರು ಬೇರೆ: "ಒಂಟಿ ಸಲಗ ಹಳ್ಳದ ಕಡೆ ಇಳ್ದದೆ. ಯಾರೂ ಆ ಕಡೆ ಹೋಗ್ಬೇಡ್ರಪ್ಪ!" ಹಳ್ಳ ನಮ್ಮ ತೋಟದ್ದೇ. ನನ್ನ ಹೆಂಡತಿ ಸುಮಿತ್ರಾ ಬೆತ್ತದ ಹಣ್ಣು ತರುತ್ತೇನೆಂದು ಹೆಗಲಿಗೆ ಚೀಲ ಹಾಕಿಕೊಂಡು ಆಗಲೇ ಅಲ್ಲಿಗೆ ಇಳಿದಿದ್ದಳು.

ಲೋಟ ಕೆಳಗಿಟ್ಟೆ. ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ನಾನು ಹುಟ್ಟಾ ಪುಕ್ಕಲನೆಂದು ನಿಮಗೆ ಈಗಲೇ ಹೇಳಿಬಿಡುವುದು ಒಳ್ಳೆಯದು. ಕುಕ್ಕರ್ ಕೂಗುವುದು ಸ್ವಲ್ಪ ತಡವಾದರೂ ಅಂಗಳಕ್ಕೆ ಓಡುವ ಆಸಾಮಿ ನಾನು.

ಈ ಬೆತ್ತದ ಹುಚ್ಚು ಅವಳಿಗೆ ಇವತ್ತಿನದಲ್ಲ. ಮದುವೆಯಾದ ಹೊಸತು. ಸುಮಿತ್ರಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದವಳು. ಬೇರೆ ಮದುಮಗಳಾದರೆ ಮನೆ, ಹಿತ್ತಲು, ನೆಂಟರಿಷ್ಟರು ಎಂದು ವಿಚಾರಿಸಿಯಾಳು. ಇವಳು ಕೇಳಿದ್ದು, "ನಿಮ್ಮ ತೋಟದಲ್ಲಿ ಬೆತ್ತ ಇದ್ಯಾ?"

ಇದ್ಯಾ ಎಂದರೆ! ಎದೆಯುಬ್ಬಿಸಿ ಹಳ್ಳಕ್ಕೆ ಕರೆದುಕೊಂಡು ಹೋದೆ, ನಾನು ಮುಂದೆ, ಅವಳು ಹಿಂದೆ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಯಾರೋ ಹಿಂದಿನಿಂದ ಕಾಲರ್ ಹಿಡಿದಂತಾಯಿತು. ಕೊಸರಿದೆ. ತೋಳನ್ನೂ ಹಿಡಿಯಿತು. ಅತ್ತೆಮನೆಯಲ್ಲಿ ಕೊಟ್ಟ ಹೊಸ ಶರ್ಟು ಪರ್ ಎಂದಿತು.

"ಎಳೀಬೇಡಿ ಮಾರಾಯ್ರೇ. ಹಿಂದೆ ಬನ್ನಿ."

"ಹಿಂದೆ ಅಂದ್ರೆ ಮುಳ್ಳಿನ ಬಾಯಿಗೇ ಬೀಳೋದಲ್ವಾ?"

"ಹೌದು, ಗಿಡದ ಹತ್ರಾನೇ ಬನ್ನಿ. ಮುಳ್ಳಿನ ಕೊಕ್ಕೆ ಬುಡದ ಕಡೆ ಬಾಗಿದೆ. ನೀವು ಎಳೆದಷ್ಟೂ ಅದು ಹಿಡಿಯತ್ತೆ."

ಕಣ್ಣು ಮುಚ್ಚಿಕೊಂಡು ಹಿಂದೆ ಸರಿದೆ. ಕೊಕ್ಕೆ ತಾನಾಗಿಯೇ ಬಿಟ್ಟಿತು. ನಾನು ಹರಿದ ಶರ್ಟು ನೋಡಿಕೊಳ್ಳುತ್ತಿದ್ದರೆ ಇವಳು ಅಲ್ಲೇ ಪಾಠ ಶುರುಮಾಡಿದಳು. ಬೆತ್ತವೆಂದರೆ ಬಳ್ಳಿಯಲ್ಲವಂತೆ, ಅಡಿಕೆ, ತೆಂಗು, ಬಗನಿಯ ದಾಯಾದಿಯಂತೆ. ತನ್ನ ಕಾಲ ಮೇಲೆ ನಿಲ್ಲುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಚಾವಟಿಯಂಥ ಎಳೆ ಬೀಸಿ, ಸಿಕ್ಕಿದ ಕೊಂಬೆಗೆ ಕೊಕ್ಕೆ ಹಾಕಿ, ಬಿಸಿಲು ಸಿಗುವವರೆಗೆ ಹತ್ತುತ್ತದೆ. ಅಂದು ಅದಕ್ಕೆ ಸಿಕ್ಕಿದ ಕೊಂಬೆ ನಾನು.

ಬುಟ್ಟಿಗೆ, ಕುರ್ಚಿಗೆ ಎಂದು ಊರವರೆಲ್ಲ ಕಡಿದು ಕಡಿದು ಹಳ್ಳದಲ್ಲಿ ಕೊನೆಗೆ ಉಳಿದದ್ದು ಒಂದೇ ಬೆತ್ತ. ಅದೂ ಹೆಣ್ಣು. ಬೆತ್ತದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ವರ್ಷ ವರ್ಷವೂ ಹೂ ಬಿಟ್ಟು ಉದುರಿಸುತ್ತಿತ್ತು. ಸುಮಿತ್ರಾ ಕಳಸದ ಕಡೆಯಿಂದ ಸಸಿ ತಂದು ಪಕ್ಕದಲ್ಲಿ ನೆಟ್ಟಳು. ಅದು ಗಂಡೋ ಹೆಣ್ಣೋ ಹೂ ಬಿಡುವವರೆಗೆ ಯಾವ ಪಂಡಿತನಿಗೂ ತಿಳಿಯದು. ಅವಳು ರಿಟೈರ್ ಆದಳು, ನನ್ನ ತಲೆಕೂದಲು ಹೋಯಿತು, ಸಸಿ ಮಾತ್ರ ಗುಟ್ಟು ಬಿಡಲಿಲ್ಲ. ಅಂತೂ ಈ ಸಲ ಗಂಡೆಂದು ಗೊತ್ತಾಯಿತು, ಹೆಣ್ಣು ಬೆತ್ತ ಕಾಯಿ ಕಚ್ಚಿತು. ಮೀನಿನ ಹುರುಪೆ ಹೊದ್ದ ಗೋಲಿಗಳಂಥ ಕಾಯಿ. ಬೀಜ ಒಣಗಿದರೆ ಹುಟ್ಟುವುದಿಲ್ಲವೆಂದು ದಿನಾ ಹೋಗಿ ನೋಡುತ್ತಿದ್ದಳು. ನನಗೋ ಆ ಗಿಡದ ಮೇಲೆ ಒಳಗೊಳಗೇ ಹೊಟ್ಟೆಯುರಿ.

ಮತ್ತೆ ರಿಂಗ್ ಮಾಡಿದೆ. ಎತ್ತಲಿಲ್ಲ. ಬೆರಳು ಮತ್ತೊಮ್ಮೆ ಒತ್ತಲು ಹೋದಾಗ ಥಟ್ಟನೆ ಹೊಳೆಯಿತು. ಅಯ್ಯೋ ನನ್ನ ಬುದ್ಧಿಗಿಷ್ಟು! ಅವಳು ಉಸಿರು ಬಿಗಿಹಿಡಿದು ಅಡಗಿದ್ದರೆ, ಎಲ್ಲಿದ್ದಾಳೆಂದು ಆನೆಗೆ ಕೂಗಿ ಹೇಳುತ್ತಿರುವವನು ನಾನೇ ಅಲ್ಲವೇ?

ಫೋನನ್ನು ಜಗಲಿಯ ಮೇಲೆ ಬಿಟ್ಟು ಇಳಿದೆ. ಧೈರ್ಯವೆಂದು ತಿಳಿಯಬೇಡಿ. ಎರಡು ಕಡೆ ಜಾರಿ ಬಿದ್ದೆ. ಕೂತು ಕಾಯುವುದು ಮಾತ್ರ ನನ್ನಿಂದಾಗಲಿಲ್ಲ.

ಕಾಫಿ ಗಿಡಗಳ ಸಾಲು ಮುಗಿಯುವಲ್ಲಿ ಎದುರಿಗೇ ಬಂದಳು. ಕೆನ್ನೆ ತರಚಿತ್ತು, ಕೂದಲಲ್ಲಿ ತರಗೆಲೆ. ನನ್ನ ರಟ್ಟೆ ಹಿಡಿದು ಅಂಗಳದವರೆಗೆ ಎಳೆದುಕೊಂಡು ಬಂದಳು. ಅಲ್ಲಿ ಕುಸಿದು ಕೂತ ಮೇಲೆಯೇ ಬಾಯಿ ಬಿಟ್ಟದ್ದು.

"ಗಂಡು ಬೆತ್ತದ ಮರೆಯಲ್ಲಿ ಕೂತಿದ್ದೆ ರೀ. ಕೈ ಎರಡೂ ಮುಳ್ಳಿಗೆ ಸಿಕ್ಕಿತ್ತು, ಅಲ್ಲಾಡೋ ಹಾಗಿಲ್ಲ. ಫೋನು ಬೆನ್ನ ಮೇಲಿನ ಚೀಲದಲ್ಲಿ. ಅದು ರಿಂಗಾದಾಗೆಲ್ಲ ಆನೆ ಕಿವಿ ಬೀಸೋದು ನಿಲ್ಲಿಸ್ತಿತ್ತು."

ಅವಳು ನಿಧಾನವಾಗಿ ಉಳಿದದ್ದನ್ನು ಹೇಳಿದಳು. ಆನೆ ಹೆಣ್ಣು ಬೆತ್ತವನ್ನೇ ಕೆಳಗೆಳೆದು ಸುಳಿ ತಿಂದು ಹೋಯಿತಂತೆ. ಬುಡದಿಂದ ಮತ್ತೆ ಚಿಗುರುವ ಜಾತಿಯಲ್ಲ ಅದು. ಸುಳಿ ಹೋದರೆ ಗಿಡವೇ ಹೋದಂತೆ. ಚೀಲದಲ್ಲಿ ಒಂದು ಬೊಗಸೆ ಹಣ್ಣು ಉಳಿದಿತ್ತು.

"ತಪ್ಪಾಯ್ತು ಮಾರಾಯ್ತಿ. ರಿಂಗ್ ಮಾಡಿ ಮಾಡಿ ನಿನ್ನ ಕೊಂದೇಬಿಡ್ತಿದ್ದೆ. ಎಷ್ಟು ಹೆದರಿದ್ಯೋ ಏನೋ."

"ರಿಂಗ್ ಆಗ್ತಿದ್ದಾಗ ಅಷ್ಟು ಹೆದರಿರ್ಲಿಲ್ಲ," ಎಂದಳು. "ನೀವು ಮನೇಲೇ ಇದ್ದೀರಿ ಅಂತ ಗೊತ್ತಾಗ್ತಿತ್ತಲ್ಲ. ಆಮೇಲೆ ನಿಂತುಹೋಯ್ತು ನೋಡಿ, ಆಗ ಜೀವ ಬಾಯಿಗೆ ಬಂತು. ನೀವು ಇಳ್ದು ಬರ್ತಿದೀರಿ ಅಂತ."