ದೇವಿಯ ಹಿಡಿ ಮತ್ತು ಜಂಬಕ್ಕನ ಹಗ್ಗ

ನನ್ನ ಗಂಡನ ಅಕ್ಕ ಜಂಬಮ್ಮ ಗದ್ದೆಗೆ ಇಳಿಯುವಾಗ ಕೈಯಲ್ಲಿ ಕುಡಗೋಲು ಇರುತ್ತಿರಲಿಲ್ಲ. ಇಪ್ಪತ್ತು ಮೀಟರಿನ ಒಂದು ಹಗ್ಗ, ನಾಲ್ಕು ಗೂಟ, ಒಂದು ಕೊಕ್ಕೆ ತಕ್ಕಡಿ, ಎಣ್ಣೆಬಟ್ಟೆಯ ಹೊದಿಕೆ ಹಾಕಿದ ಒಂದು ಪುಸ್ತಕ. ಅಷ್ಟನ್ನೂ ಅಕ್ಕಿಚೀಲ ಕತ್ತರಿಸಿ ತಾನೇ ಹೊಲಿದುಕೊಂಡ ಜೋಳಿಗೆಯಲ್ಲಿ ಹಾಕಿಕೊಂಡು, ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಇಳಿಯುವಳು.

ಅವಳು ಹುಟ್ಟಿದ್ದು ಇದೇ ಮೆಟ್ರಿಯಲ್ಲಿ. ಕಂಪ್ಲಿಯಲ್ಲಿ ಹೈಸ್ಕೂಲು, ಹೊಸಪೇಟೆಯಲ್ಲಿ ಡಿಗ್ರಿ ಮುಗಿಸಿ, ದೂರದ ಕಾಲೇಜಿಗೆ ಹೋಗಿ ಸಂಖ್ಯಾಶಾಸ್ತ್ರ ಓದಿದಳು. ನಾನು ಚೋರನೂರಿನಿಂದ ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅವಳು ಡಾಕ್ಟರೇಟಿಗೆ ಪ್ರಬಂಧ ಬರೆಯುತ್ತಿದ್ದಳು. ಇಪ್ಪತ್ತೆಂಟು ವರ್ಷ, ಮದುವೆ ಇಲ್ಲ. "ನಿಮ್ಮ ಜಂಬವ್ವ ಯಾವ ರೋಗಕ್ಕ ಔಷಧ ಕೊಡೋ ಡಾಕ್ಟರ್ ಆಗ್ತಾಳ?" ಎಂದು ಊರಿನವರು ಕೇಳಿದರೆ ನನ್ನ ಅತ್ತೆ ಗಾಳೆಮ್ಮ, "ಲೆಕ್ಕ ತಪ್ಪೋ ರೋಗಕ್ಕ" ಎನ್ನುತ್ತಿದ್ದರು.

ಅವಳ ಪ್ರಬಂಧದ ಪ್ರಶ್ನೆ ಅಡುಗೆಮನೆಯಲ್ಲಿ ಕೂತವರಿಗೂ ತಿಳಿಯುವಂಥದ್ದು. ಅನ್ನ ಬೆಂದಿದೆಯೇ ಎಂದು ನೋಡಲು ನಾವು ಒಂದೆರಡು ಅಗುಳು ಹಿಸುಕುತ್ತೇವೆ. ಊರಿನ ಬೆಳೆ ಎಷ್ಟು ಬಂತು ಎಂದು ನೋಡಲು ಸರಕಾರದವರೂ ಗದ್ದೆಯಲ್ಲಿ ಐದು ಮೀಟರು ಉದ್ದ, ಐದು ಮೀಟರು ಅಗಲದ ತುಂಡೊಂದನ್ನು ಹಗ್ಗದಿಂದ ಸುತ್ತಿ, ಅಷ್ಟನ್ನೇ ಕೊಯ್ದು ತೂಗುತ್ತಾರೆ. ಆ ಸಣ್ಣ ತುಂಡಿನ ಮಾತನ್ನು ಎಷ್ಟು ನಂಬಬಹುದು? ಜಂಬಕ್ಕ ಮೂರು ಊರುಗಳಲ್ಲಿ, ಒಂದೊಂದು ಊರಿನಲ್ಲಿ ಮೂವತ್ತು ಗದ್ದೆಗಳಲ್ಲಿ, ಮೊದಲು ತುಂಡನ್ನೂ ಆಮೇಲೆ ಇಡೀ ಗದ್ದೆಯನ್ನೂ ಕೊಯ್ಸಿ ತೂಗಿ ಹೋಲಿಸುತ್ತಿದ್ದಳು. ಮೂರರಲ್ಲಿ ಮೆಟ್ರಿಯೂ ಒಂದು.

ಹಗ್ಗ ಎಲ್ಲಿ ಹಾಕಬೇಕೆಂಬುದೇ ದೊಡ್ಡ ಜಗಳ. ಗದ್ದೆಯ ಮೂಲೆಯಿಂದ ಎಷ್ಟು ಹೆಜ್ಜೆ ಉದ್ದಕ್ಕೆ, ಎಷ್ಟು ಅಡ್ಡಕ್ಕೆ ಎಂಬ ಅಂಕಿಗಳನ್ನು ಜಂಬಕ್ಕ ಚೀಟಿ ಎತ್ತಿದಂತೆ ಮೊದಲೇ ತೆಗೆದು ಪುಸ್ತಕದಲ್ಲಿ ಬರೆದುಕೊಂಡಿರುತ್ತಿದ್ದಳು. ಪಾಲಪ್ಪ ಕಾಕಾನ ಗದ್ದೆಯಲ್ಲಿ ನಾನೇ ಕೇಳಿದ್ದು.

"ಅಲ್ಲಿ ನೆಲ್ಲು ಮಲಗೈತಿ ಜಂಬವ್ವಾ. ಈ ಕಡೆ ನೋಡು, ಕಾಲುವಿ ನೀರು ಬೀಳೋ ಬಾಯಾಗ ಮಸ್ತ್ ಬೆಳದೈತಿ. ಇಲ್ಲಿ ಹಾಕು."

"ನಾ ಆರಿಸಂಗಿಲ್ಲ ಕಾಕಾ. ಪುಸ್ತಕದಾಗಿನ ಅಂಕಿ ಎಲ್ಲಿ ಅಂತೈತೋ ಅಲ್ಲೇ."

"ಆ ಅಂಕಿಗೆ ನಮ್ಮ ಗದ್ದಿ ಗೊತ್ತೇನು?"

"ಗೊತ್ತಿಲ್ಲ ಅಂತನ ಅದರ ಮಾತು ಕೇಳೋದು."

ಕೊಯ್ಯಲು ನಮ್ಮ ಅತ್ತೆಯ ಗುಂಪು. ಹನ್ನೊಂದು ಹೆಂಗಸರು, ಅತ್ತೆಯೇ ಮುಂದಾಳು. ಒಂದು ತುಂಡಿಗೆ ನಾಲ್ವರು ಸಾಕು. ಒಮ್ಮೊಮ್ಮೆ ಮೂವರು, ಅಪರೂಪಕ್ಕೆ ಐವರು. ಯಾರು ಯಾವ ತುಂಡು ಕೊಯ್ದರೆಂದು ಜಂಬಕ್ಕ ಹೆಸರು ಹಿಡಿದು ಪುಸ್ತಕದಲ್ಲಿ ಬರೆಯುತ್ತಿದ್ದಳು. ಹಾಗೆ ಬರೆಯಲು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಗೈಡು, ಅಂದರೆ ಪ್ರಬಂಧಕ್ಕೆ ದಾರಿ ತೋರಿಸುವ ಪ್ರೊಫೆಸರು, ಆ ಕಾಲಂ ನೋಡಿ ನಕ್ಕಿದ್ದರಂತೆ. "ದಿನಪೂರ್ತಿ ಬಗ್ಗಿ ಕೊಯ್ದೋರು ಇವರು, ಇವರ ಹೆಸರಿಲ್ಲದ ಬರೀ ನನ್ನ ಹೆಸರು ಹಾಕಿದ್ರ ಚಂದ ಕಾಣಂಗಿಲ್ಲ" ಎಂಬುದಷ್ಟೇ ಅವಳ ಕಾರಣ.

೧೯೮೮ರ ಏಪ್ರಿಲ್ ಹದಿನೆಂಟಕ್ಕೆ ಆ ಗೈಡಿನ ಪತ್ರ ಬಂತು. ಆ ದಿನದ ನನ್ನ ಡೈರಿಯಲ್ಲಿ "ವಿರುಪಿಗೆ ಮೊದಲ ಸಲ ರಾಗಿ ಅಂಬಲಿ. ಉಗುಳಿದಳು. ಜಂಬಕ್ಕನಿಗೆ ಪತ್ರ. ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ" ಎಂದಿದೆ. ವಿರುಪಿ ನನ್ನ ಮಗಳು. ಆಗ ಐದು ತಿಂಗಳು.

ಪತ್ರವನ್ನು ಜಂಬಕ್ಕ ಒಳಗೊಳಗೇ ಓದಿ ಮಡಿಸಿದಳು. ಅತ್ತೆ ಬಿಡಲಿಲ್ಲ. "ಗಟ್ಟಿ ಓದು. ನಿನಗ ಬಂದ ಮಾತು ನನಗೂ ಬಂದಂಗ."

ಓದಿದಳು. ಬೇರೆ ಎರಡು ಊರುಗಳ ಅಂಕಿ ಸರಿಯಾಗಿವೆ. ಮೆಟ್ರಿಯಲ್ಲಿ ಮಾತ್ರ ಮುಂಗಾರು, ಬೇಸಿಗೆ ಎರಡೂ ಬೆಳೆಗಳಲ್ಲಿ ಸಣ್ಣ ತುಂಡಿನ ತೂಕ ಇಡೀ ಗದ್ದೆಯ ಲೆಕ್ಕಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆ. ಒಂದು ಗದ್ದೆಯಲ್ಲಾದರೆ ಆಕಸ್ಮಿಕ ಎನ್ನಬಹುದು, ಮೂವತ್ತರಲ್ಲೂ ಹಾಗೆಯೇ ಆದರೆ ಆಕಸ್ಮಿಕವಲ್ಲ. ತಕ್ಕಡಿ ಕೆಟ್ಟಿರಬೇಕು, ಇಲ್ಲವೇ ಕೊಯ್ಯುವವರು ಮಡಿಲಿಗೆ ಹಾಕಿಕೊಂಡಿರಬೇಕು. ಮೆಟ್ರಿಯನ್ನು ಬಿಟ್ಟು ಎರಡು ಊರುಗಳಲ್ಲೇ ಪ್ರಬಂಧ ಮುಗಿಸಿ. ಜೂನ್ ಮೂವತ್ತರೊಳಗೆ ಒಪ್ಪಿಸಿದರೆ ಇಲ್ಲಿ ಉಪನ್ಯಾಸಕಿಯ ಜಾಗ ನಿಮ್ಮದೇ, ತಡವಾದರೆ ಬೇರೆಯವರಿದ್ದಾರೆ.

ಅತ್ತೆ ಹಚ್ಚುತ್ತಿದ್ದ ಬದನೆಕಾಯಿಯನ್ನು ನೀರಿಗೆ ಹಾಕಿ ಕೈ ಒರೆಸಿಕೊಂಡರು. "ಮಡಿಲಾಗ ಅಂದ್ರ ಕದ್ದೀವಿ ಅಂತನಾ?"

"ಹಂಗ ಅಲ್ಲವ್ವಾ..."

"ಹಂಗನ ಐತಿ. ನಲವತ್ತು ವರ್ಷ ಮಂದಿ ಗದ್ದಿ ಕೊಯ್ದೀನಿ. ಒಂದು ಕಾಳು ಸೆರಗಿಗೆ ಅಂಟಿದ್ರ ಝಾಡಿಸಿ ಬಂದೀನಿ."

ಬಿಟ್ಟುಬಿಡುವುದು ಸುಲಭವಿತ್ತು. ಮೆಟ್ರಿ ಇಲ್ಲದೆಯೂ ಪ್ರಬಂಧ ಆಗುತ್ತಿತ್ತು, ಕೆಲಸವೂ ಸಿಗುತ್ತಿತ್ತು. ಆದರೆ ಗೈಡಿನ ಕಡತದಲ್ಲಿ ಆ ಸಾಲು ಹಾಗೆಯೇ ಉಳಿಯುತ್ತಿತ್ತು. ಜಂಬಕ್ಕ ಪತ್ರವನ್ನು ಪುಸ್ತಕದೊಳಗಿಟ್ಟು, "ಎರಡು ತಿಂಗಳು ಐತಿ. ಮೊದಲು ತಕ್ಕಡಿ ನೋಡೂಣು" ಎಂದಳು.

ತಕ್ಕಡಿ ಪರೀಕ್ಷೆಗೆ ಸಿಕ್ಕವಳು ನನ್ನ ಮಗಳು. ಅವತ್ತು ಬೆಳಿಗ್ಗೆ ನರ್ಸಮ್ಮ ತೂಗಿ ಚೀಟಿಯಲ್ಲಿ ಆರು ಕಿಲೋ ಇನ್ನೂರು ಎಂದು ಬರೆದುಕೊಟ್ಟಿದ್ದಳು. ವಿರುಪಿಯನ್ನು ಹಳೆ ಸೀರೆಯ ಜೋಲಿಯಲ್ಲಿ ಹಾಕಿ ಕೊಕ್ಕೆಗೆ ತೂಗುಹಾಕಿದೆವು. ಜೋಲಿಯ ತೂಕ ಕಳೆದರೆ ಆರು ಕಿಲೋ ಇನ್ನೂರೈವತ್ತು.

"ನಡುವ ಹಾಲು ಕುಡಿಸೀಯೇನು?" ಎಂದಳು ಜಂಬಕ್ಕ.

"ಕುಡಿಸೀನಿ."

"ಹಂಗಾದ್ರ ತಕ್ಕಡಿ ಬರೋಬ್ಬರಿ ಐತಿ." ನಗುತ್ತ ಹೇಳಿದಳು, ಆದರೆ ಮುಖ ಇಳಿದಿತ್ತು. ತಕ್ಕಡಿ ಸರಿ ಎಂದರೆ ಉಳಿದದ್ದು ಒಂದೇ ಕಾರಣ.

ಆ ವಾರ ಪಾಲಪ್ಪ ಕಾಕಾನ ಬೇಸಿಗೆ ಬೆಳೆ ಕೊಯ್ಲಿಗೆ ಬಂದಿತ್ತು. ಜಂಬಕ್ಕ ಹಗ್ಗ ಬಿಗಿದು, ಬದುವಿನ ಮೇಲೆ ಕೂತು ಒಬ್ಬೊಬ್ಬರ ಕೈಯನ್ನೇ ನೋಡಿದಳು. ತನ್ನ ತಾಯಿಯನ್ನು ಹಾಗೆ ಕಾವಲು ಕಾಯುವುದು ಅವಳಿಗೆ ಬಹಳ ಕಷ್ಟವಾಗಿತ್ತು; ಕಣ್ಣು ಎತ್ತುವಳು, ಮತ್ತೆ ಪುಸ್ತಕಕ್ಕೆ ಇಳಿಸುವಳು. ಗುಂಪಿನ ದ್ಯಾಮಕ್ಕ ಬಾಯಿಗೆ ಬೀಗವಿಲ್ಲದವಳು. "ಕಣ್ಣು ಪಿಳುಕಿಸಬ್ಯಾಡ ನಮ್ಮವ್ವಾ, ಅಷ್ಟರಾಗ ಒಂದು ಚೀಲ ನುಂಗಿಬಿಟ್ಟೇವು!" ಎಂದಳು. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ತುಂಡನ್ನು ಬಡಿದು ತೂಗಿದಾಗ, ಆ ಗದ್ದೆಗೆ ಅವಳು ಹಾಕಿದ್ದ ಅಂದಾಜಿಗಿಂತ ಮತ್ತೆ ಅಷ್ಟೇ ಕಡಿಮೆ ಬಂದಂತೆ ಕಂಡಿತು. ಜಂಬಕ್ಕ ಎದ್ದು ನಾನು ಕೂತಿದ್ದ ಜಾಲಿಮರದ ಕಡೆ ಬಂದಳು. ನಾನು ಒಂದು ಕೈಯಲ್ಲಿ ವಿರುಪಿಯ ಜೋಲಿ ತೂಗುತ್ತ, ಇನ್ನೊಂದು ಕೈಯಲ್ಲಿ ಬೇವಿನ ಟೊಂಗೆ ಹಿಡಿದು ಮೇಕೆ ಓಡಿಸುತ್ತಿದ್ದೆ.

"ಮೇಕಿ ಯಾಕ ಇಲ್ಲಿ?"

"ಇದಕ್ಕ ಬಂದಾವು. ನೋಡ್ಕೋ ಅಂತ ಅತ್ತಿ ಹೇಳ್ಯಾರ."

ನನ್ನ ಪಕ್ಕ ಬದುವಿನ ಮೇಲೆ ಭತ್ತದ ತೆನೆಯ ನಾಲ್ಕು ಹಿಡಿಗಳಿದ್ದವು. ಮೆಟ್ರಿಯಲ್ಲಿ ಯಾವ ಗದ್ದೆಗೆ ಇಳಿದರೂ ಪ್ರತಿಯೊಬ್ಬಳೂ ಕೊಯ್ದ ಮೊದಲ ಹಿಡಿಯನ್ನು ಊರಮ್ಮ ದೇವಿಗೆಂದು ಬದುವಿನ ಮೇಲೆ ಇಡುತ್ತಾಳೆ. ಸಂಜೆ ಅವನ್ನು ಗುಡಿಯ ಬಾಗಿಲಿಗೆ ಕಟ್ಟುತ್ತಾರೆ, ಗುಬ್ಬಿಗಳು ತಿನ್ನುತ್ತವೆ. ನಮ್ಮ ಚೋರನೂರಿನ ಜೋಳದ ಹೊಲಗಳಲ್ಲಾಗಲಿ, ಜಂಬಕ್ಕ ಹಗ್ಗ ಹಾಕಿದ ಉಳಿದೆರಡು ಊರುಗಳಲ್ಲಾಗಲಿ ಈ ಪದ್ಧತಿ ಇಲ್ಲ. ಜಂಬಕ್ಕ ಮಾತ್ರ ಹುಟ್ಟಿದಾಗಿನಿಂದ ನೋಡಿದವಳು. ನೋಡಿ ನೋಡಿ ಅದು ಅವಳ ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು. ಅದು ದೇವಿಯದು, ದೇವಿಯದನ್ನು ಈ ಊರಿನಲ್ಲಿ ಯಾರೂ ಬೆಳೆ ಎಂದು ಎಣಿಸುವುದಿಲ್ಲ.

"ನಾಲ್ಕು" ಎಂದಳು. ಆಮೇಲೆ ಕೆಸರುಗಾಲಲ್ಲೇ ನನ್ನ ಮುಂದೆ ಕೂತು ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟಳು. "ಒಂದೊಂದು ತುಂಡಿಗೆ ಎಷ್ಟು ಹೆಸರು ಬರದೀನಿ, ಓದು."

ನಾನು ಓದಿದೆ: ನಾಲ್ಕು, ನಾಲ್ಕು, ಮೂರು, ಐದು. ಅವಳು ಪ್ರತಿ ಸಲವೂ ಕಡಿಮೆ ಬಂದ ತೂಕವನ್ನು ಚೀಟಿಯೊಂದರಲ್ಲಿ ಬರೆಯುತ್ತ ಹೋದಳು. ಮೂರು ಹೆಸರಿದ್ದಲ್ಲಿ ಕೊರತೆ ಸಣ್ಣದು. ಐದಿದ್ದಲ್ಲಿ ಎಲ್ಲಕ್ಕಿಂತ ದೊಡ್ಡದು. ಗದ್ದೆಯಲ್ಲಿ ಮೊದಲು ಕೊಯ್ಯುವುದು ಹಗ್ಗದೊಳಗಿನ ತುಂಡನ್ನು, ಹಾಗಾಗಿ ದೇವಿಯ ಹಿಡಿಗಳೆಲ್ಲ ಅದರಿಂದಲೇ ಹೋಗುತ್ತಿದ್ದವು. ಇಡೀ ಗದ್ದೆಯ ಚೀಲಗಳ ನಡುವೆ ನಾಲ್ಕು ಹಿಡಿ ಲೆಕ್ಕಕ್ಕೇ ಬರುವುದಿಲ್ಲ; ಹತ್ತು ಕಿಲೋ ಬರುವ ಸಣ್ಣ ತುಂಡಿನಲ್ಲಿ ಅದೇ ನೂರಕ್ಕೆ ಐದು. ಹನ್ನೆರಡನೆಯ ತುಂಡಿಗೆ ಬರುವಷ್ಟರಲ್ಲಿ ಅವಳು ಅಳುತ್ತಿದ್ದಳು. ನಾನು ಓದುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಬೈಯುತ್ತಾಳೆಂದು ಗೊತ್ತಿತ್ತು.

ಆಮೇಲಿನ ಕಷ್ಟ ಬೇರೆ. ಒಂದು ಹಿಡಿ ಎಷ್ಟು ತೂಗುತ್ತದೆ ಎಂದು ತಿಳಿಯದೆ ಹಳೆಯ ಅಂಕಿ ಸರಿಯಾಗುವುದಿಲ್ಲ. ಜಂಬಕ್ಕ ಬದುವಿನ ಮೇಲಿನ ಹಿಡಿಗೆ ಕೈ ಹಾಕಿದ್ದೇ ತಡ, ದ್ಯಾಮಕ್ಕ ಕುಡಗೋಲು ಹಿಡಿದೇ ಓಡಿಬಂದಳು.

"ಲೇ ಜಂಬೀ! ಅಮ್ಮನ ಪಾಲು ತಕ್ಕಡಿಗೆ ಹಾಕ್ತೀಯಾ? ಆಕಿಗೂ ಲೆಕ್ಕ ಕೇಳ್ತೀಯೇನು?"

ಜಂಬಕ್ಕನ ಕೈ ಅಲ್ಲೇ ನಿಂತಿತು. ಅತ್ತೆ ನಿಧಾನವಾಗಿ ಬಂದರು. ಮಗಳ ಬಾಯಿಂದ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅಂದರು:

"ಅಮ್ಮನದು ಮುಟ್ಟಬ್ಯಾಡ. ಆಕಿ ಪಾಲು ಕೊಟ್ಟಾಯ್ತಲ್ಲ, ಉಳದಿದ್ದು ಪಾಲಪ್ಪಂದು. ಅದರಾಗ ಮತ್ತ ಹಂಗನ ಒಂದೊಂದು ಹಿಡಿ ಕೊಯ್ದು ಕೊಡ್ತೀವಿ. ಅದನ್ನ ತೂಗು, ತೂಗಿ ಅವನಿಗೆ ವಾಪಸ್ ಕೊಡು. ಇನ್ನ ಮುಂದ ನಿನ್ನ ಹಗ್ಗ ಬಿದ್ದಲ್ಲಿ ಅಮ್ಮನ ಹಿಡಿ ಹಗ್ಗದ ಹೊರಗಿಂದ ಕೊಯ್ತೀವಿ. ಆಕಿ ಏನೂ ಅನ್ನಾಂಗಿಲ್ಲ. ಆಕಿಗೆ ಗದ್ದಿ ಗೊತ್ತು, ಹಗ್ಗ ಗೊತ್ತಿಲ್ಲ."

ಜಂಬಕ್ಕನ ಪ್ರೊಫೆಸರುಗಳು ಇದಕ್ಕಿಂತ ಒಳ್ಳೆಯ ಉಪಾಯ ಹೇಳುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಹನ್ನೊಂದು ಹೆಂಗಸರು ಒಬ್ಬೊಬ್ಬರೂ ಐದೈದು ಹಿಡಿ ಕೊಯ್ದರು. ಎಲ್ಲವನ್ನೂ ಬೇರೆ ಬೇರೆ ಬಡಿದು, ನಮ್ಮ ಅಂಗಳದಲ್ಲಿ ಹನ್ನೊಂದು ಮೊರಗಳಲ್ಲಿ ಒಣಗಿಸಿದೆವು. ನಾನು ಒಂದೊಂದು ಮೊರದ ಕೆಳಗೂ ಹೆಸರಿನ ಚೀಟಿ ಇಟ್ಟೆ. ಹಿಡಿಗೆ ಸರಾಸರಿ ನೂರಾ ಇಪ್ಪತ್ತೈದು ಗ್ರಾಂ. ದ್ಯಾಮಕ್ಕನದು ನೂರಾ ಐವತ್ತು, ಅತ್ತೆಯದು ಎಲ್ಲರಿಗಿಂತ ಸಣ್ಣದು, ತೊಂಬತ್ತೆಂಟು.

"ಗಾಳವ್ವ ದೇವರಿಗೂ ಕೈ ಬಿಗಿ ಹಿಡೀತಾಳ!" ಎಂದು ದ್ಯಾಮಕ್ಕ ಊರೆಲ್ಲ ಸಾರಿದಳು. ಅತ್ತೆ ನನ್ನ ಕಡೆ ತಿರುಗಿ, "ನನ್ನ ಅಂಗೈ ಸಣ್ಣದು" ಎಂದರು. ನಿಜಕ್ಕೂ ಸಣ್ಣದೇ.

ಪ್ರತಿ ತುಂಡಿಗೂ ಅದನ್ನು ಕೊಯ್ದವರ ಹಿಡಿಗಳನ್ನು ಸೇರಿಸಿ ನೋಡಿದಾಗ ಮೆಟ್ರಿ ಉಳಿದೆರಡು ಊರುಗಳ ಜೊತೆ ಸರಿಯಾಗಿ ಬಂದು ನಿಂತಿತು. ಜಂಬಕ್ಕ ಮೂರೂ ಊರುಗಳನ್ನಿಟ್ಟುಕೊಂಡೇ ಪ್ರಬಂಧ ಬರೆದು ಜೂನ್ ಇಪ್ಪತ್ತೊಂಬತ್ತಕ್ಕೆ ಒಪ್ಪಿಸಿದಳು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು, "ಎರಡು ವರ್ಷದ ಹಿಂದೆ ಹದಿನೇಳನೆಯ ತುಂಡನ್ನು ಐವರೇ ಕೊಯ್ದರೆಂದು ಹೇಗೆ ಹೇಳುತ್ತೀರಿ?" ಎಂದು ಕೇಳಿದರಂತೆ. ಅವಳು ಪುಸ್ತಕ ತೆರೆದು ಐದು ಹೆಸರುಗಳನ್ನು ಓದಿದಳಂತೆ. ಆ ಕಾಲಂ ನೋಡಿ ನಕ್ಕಿದ್ದ ಗೈಡು ಅಲ್ಲೇ ಕೂತಿದ್ದರು. ವಾರ ಕಳೆದ ಮೇಲೆ ಅವರಿಂದ ಎರಡನೆಯ ಪತ್ರ ಬಂತು: "ನನ್ನ ಏಪ್ರಿಲ್ ಪತ್ರದ ಒಂದು ಸಾಲನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ದಯವಿಟ್ಟು ನಿಮ್ಮ ತಾಯಿಯವರಿಗೆ ತಿಳಿಸಿ."

ಅದನ್ನು ಅತ್ತೆ ಮೂರು ಸಲ ಓದಿಸಿದರು. ನಂತರ, "ಚೊಲೋ ಮನುಷ್ಯ. ಇತ್ತ ಬಂದ್ರ ಊಟಕ್ಕ ಕರಿ" ಎಂದರು.

ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಊರಿಗೆ ಬಂದಾಗ ಜಂಬಕ್ಕ ಕೆಂಪು ರಟ್ಟಿನ ಪ್ರಬಂಧವನ್ನು ತಾಯಿಯ ಕೈಗಿಟ್ಟಳು. ಅತ್ತೆಗೆ ಓದು ಬಾರದು. ಹಿಂದು ಮುಂದು ತಿರುಗಿಸಿ, "ನಮ್ಮ ಹೆಸರು ಎಲ್ಲೈತಿ?" ಎಂದರು. ಕೊನೆಯ ಪುಟದಲ್ಲಿ ಹನ್ನೊಂದೂ ಇದ್ದವು, ಒಂದೊಂದರ ಮುಂದೆ ಹಿಡಿಯ ತೂಕ. ಓದಿ ಹೇಳಿದಳು.

"ನನ್ನದು ತೊಂಬತ್ತೆಂಟು ಅಂತನ ಅಚ್ಚು ಹಾಕಿಸೀಯಾ?"

"ಇದ್ದದ್ದೇ ಹಾಕೀನವ್ವಾ."

"ಹ್ಞೂಂ. ಇದ್ದದ್ದೇ ಹಾಕಬೇಕು" ಎಂದು ಅತ್ತೆ ಸೆರಗಿನಿಂದ ರಟ್ಟು ಒರೆಸಿ, ಪ್ರಬಂಧವನ್ನು ದೇವರ ಮಾಡದಲ್ಲಿ ಇಟ್ಟರು.

ಮೊನ್ನೆ ಮುಂಗಾರು ಬೆಳೆಯ ಕೊಯ್ಲು ಶುರುವಾಯಿತು. ರಜೆ ಹಾಕಿ ಬಂದಿದ್ದ ಜಂಬಕ್ಕ ಈ ಸಲವೂ ಹಗ್ಗ ಬಿಗಿದು, ಬದುವಿನ ಮೇಲೆ ವಿರುಪಿಯನ್ನು ತೊಡೆಯಲ್ಲಿ ಕೂರಿಸಿಕೊಂಡಿದ್ದಳು. ಅತ್ತೆ ಹಗ್ಗದ ಹೊರಗೆ ಬಗ್ಗಿ, ಬೆರಳುಗಳನ್ನು ಆದಷ್ಟೂ ಅಗಲಿಸಿ, ಎರಡು ಬುಡ ಹೆಚ್ಚಿಗೇ ಸೇರಿಸಿ ಹಿಡಿದು ಕೊಯ್ದರು. ಆ ಹಿಡಿಯನ್ನು ಎತ್ತಿ ಮೊದಲು ದ್ಯಾಮಕ್ಕನಿಗೆ, ಆಮೇಲೆ ಮಗಳಿಗೆ ತೋರಿಸಿ ಬದುವಿನ ಮೇಲಿಟ್ಟರು.

"ಇದನ್ನ ತೂಗಬ್ಯಾಡ" ಎಂದರು. "ನೋಡ್ಕೋ, ಅಷ್ಟು ಸಾಕು."